ಟ್ರ್ಯಾಕ್ಟರಿನ ಹಸಿರು ದೀಪ

ಮೊನ್ನೆ ಕೆಲಸಕ್ಕೆ ಹೊರಡುವ ಮುಂಚೆ ಸಾಮಾನಿನ ಪೆಟ್ಟಿಗೆಯ ತಳ ಕೆದಕುತ್ತಿದ್ದಾಗ ಗೇಣುದ್ದದ ಹಸಿರು ಎಲ್‌ಇಡಿ ಪಟ್ಟಿಯೊಂದು ಕೈಗೆ ಸಿಕ್ಕಿತು. ಹೊಸ ಟ್ರ್ಯಾಕ್ಟರಿಗೆ ಶೋಕಿಗೆಂದು ಸುತ್ತುತ್ತಾರಲ್ಲ, ಅಂಥದ್ದು. ಹಿಂಬದಿಯ ಅಂಟಿಗೆ ಏನೋ ಪುಡಿ ಮೆತ್ತಿಕೊಂಡಿತ್ತು. ಮೂಗಿಗೆ ಹಿಡಿದೆ. ಗುರೆಳ್ಳು ಚಟ್ನಿ! ಇಷ್ಟು ವರ್ಷವಾದರೂ ವಾಸನೆ ಹೋಗಿರಲಿಲ್ಲ... ಅದರ ಬೆನ್ನಿಗೇ ಅಕ್ಕಾರು ಬಂದು ಕಣ್ಣ ಮುಂದೆ ನಿಂತರು.

ಗದಗಿನಿಂದ ಮಲ್ಲಸಮುದ್ರಕ್ಕೆ ಹೋಗುವ ದಾರಿಯಲ್ಲಿ ಅಕ್ಕಾರ ಚಟ್ನಿಪುಡಿಯ ಘಟಕವಿತ್ತು. ಮನೆಯ ಪಡಸಾಲೆಯಲ್ಲಿ ಕುಟ್ಟಿ ಮಾರಲು ಶುರು ಮಾಡಿದವರು, ಶೆಡ್ಡು ಕಟ್ಟಿಸಿ, ಪಾಕೀಟು ಸಾಗುವ ಬೆಲ್ಟು ಹಾಕಿಸುವವರೆಗೆ ಬೆಳೆದಿದ್ದರು. ಶೇಂಗಾ, ಗುರೆಳ್ಳು, ಅಗಸಿ, ಪುಠಾಣಿ, ಎಲ್ಲವೂ ಅಲ್ಲೇ ತಯಾರು. ಶಿರಹಟ್ಟಿ ಬಸ್ಸಿನಲ್ಲಿ ಬರುವವರೂ ಸೇರಿ ಸುತ್ತಲಿನ ಹೆಣ್ಣುಮಕ್ಕಳೇ ಕೆಲಸಕ್ಕಿದ್ದರು. ಅಕ್ಕಾರ ಬಾಯಿ ಜೋರು, ಕೈ ಧಾರಾಳ. ಊಟಕ್ಕೆ ಕುಳಿತವರ ತಾಟಿಗೆ ಬೇಡವೆಂದರೂ ಇನ್ನೊಂದು ರೊಟ್ಟಿ ಬಿದ್ದೇ ಬೀಳುತ್ತಿತ್ತು.

ನನ್ನನ್ನು ಕರೆಸಿದ್ದು ಬೆಲ್ಟಿನ ಮೇಲೆ ಕ್ಯಾಮೆರಾ ಕೂಡಿಸಲು. ಹುಬ್ಬಳ್ಳಿಯ ದೊಡ್ಡ ಅಂಗಡಿಗೆ ಹೋದ ಗುರೆಳ್ಳಿನ ಡಬ್ಬಿಯಲ್ಲಿ ಶೇಂಗಾ ಪಾಕೀಟು ಸೇರಿಕೊಂಡು ಮಾಲು ವಾಪಸ್ ಬಂದಿತ್ತು. ಪ್ರತಿ ಪಾಕೀಟಿನ ಬಾರ್‌ಕೋಡನ್ನು ಯಂತ್ರ ಓದಿ, ತಪ್ಪಿದ್ದನ್ನು ಹೊರಗೆ ತಳ್ಳುವಂತಾದರೆ ಮಾತ್ರ ಮುಂದಿನ ಆರ್ಡರು ಎಂದು ಅಂಗಡಿಯವರು ಖಡಕ್ಕಾಗಿ ಹೇಳಿದ್ದರು. ಅವರ ಸಾಹೇಬರು ಪರೀಕ್ಷೆಗೆ ಮರುದಿನವೇ ಬರುವವರಿದ್ದರು. ಆ ಆರ್ಡರು ಹೋದರೆ ಅರ್ಧ ಹೆಣ್ಣುಮಕ್ಕಳನ್ನು ಮನೆಗೆ ಕಳಿಸದೆ ಗತ್ಯಂತರವಿರಲಿಲ್ಲ.

ಕ್ಯಾಮೆರಾವನ್ನೂ ತಪ್ಪು ಪಾಕೀಟು ತಳ್ಳುವ ಯಂತ್ರದ ಕೈಯನ್ನೂ ಕೂಡಿಸಿ, ಕ್ಯಾಮೆರಾದ ಸುತ್ತ ಕೆಂಪು ದೀಪ ಹಾಕಿದೆ. ಇಂಥ ಕೆಲಸಕ್ಕೆ ಅದೇ ರೂಢಿ. ಲ್ಯಾಪ್‌ಟಾಪಿನಲ್ಲಿ ಕೋಡಿನ ಜಾತಿ ಆರಿಸಿ, ಪಾಕೀಟಿನ ಯಾವ ಮೂಲೆಯಲ್ಲಿ ಹುಡುಕಬೇಕೆಂದು ಚೌಕ ಎಳೆದೆ. ಅಕ್ಕಾರು ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕುಳಿತರು. ಮೊದಲ ಪಾಕೀಟು ಕ್ಯಾಮೆರಾದ ಕೆಳಗೆ ಹಾದುಹೋಯಿತು.

“ಓದಿತೇನೋ ತಮ್ಮಾ?”

“ಇಲ್ರೀ ಅಕ್ಕಾರ.”

ಬೆಳಕು ಹಿಡಿಯುವ ಸಮಯ ಹೆಚ್ಚಿಸಿದೆ, ಇಳಿಸಿದೆ. ಕಪ್ಪು-ಬಿಳುಪಿನ ಅಂತರ ಸಡಿಲಿಸಿದೆ. ಸೋತೆನೆಂದು ಒಪ್ಪುವ ಮುಂಚೆ ಇನ್ನಷ್ಟು ಹೊತ್ತು ಹುಡುಕು ಎಂದು ಸಾಫ್ಟ್‌ವೇರಿಗೆ ಅವಕಾಶ ಕೊಟ್ಟೆ. ಊಹೂಂ. ಪ್ರತಿ ಪಾಕೀಟಿಗೂ “ಓದಿತೇನೋ?” ಎಂಬ ಪ್ರಶ್ನೆ ಮಾತ್ರ ತಪ್ಪಲಿಲ್ಲ. ಕಡೆಗೆ ಅಕ್ಕಾರ ತಾಳ್ಮೆ ಹೋಯಿತು. “ಏನ್ ಕಣ್ಣೋ ಇದು! ಇಷ್ಟು ದಪ್ಪ ಗೀಟು ನನಗ ಚಾಳೀಸ ಇಲ್ಲದನ ಕಾಣತಾವು!”

ಆಗ ಪರದೆಯ ಮೇಲಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಗೀಟುಗಳೇ ಇರಲಿಲ್ಲ! ಆ ಜಾಗ ಬೆಳ್ಳಗೆ ಬಯಲಾಗಿತ್ತು. ಪಾಕೀಟನ್ನು ಕೈಗೆತ್ತಿಕೊಂಡೆ. ಹಳದಿಯ ಮೇಲೆ ಕೆಂಪು ಗೀಟು. ಇದ್ಯಾಕೆ ಹೀಗೆ ಎಂದು ಕೇಳಿದೆ.

“ಪ್ರೆಸ್ಸಿನವ ಮೊದಲ ಕರಿ ಗೀಟು ಹಾಕಿ ತಂದಿದ್ದ. ಬೈದು ಕಳಿಸಿದೆ. ಉಣ್ಣೂ ಪದಾರ್ಥದ ಮ್ಯಾಲೆ ಯಾರರ ಕರಿ ಗೀಟು ಎಳಿತಾರೇನು? ಅರಿಷಿಣ-ಕುಂಕುಮದ ಬಣ್ಣ ಮಾಡಿಸಿದೆ. ಚಂದ ಐತಿಲ್ಲೋ?”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ಕ್ಯಾಮೆರಾಕ್ಕೆ ಕಾಣುವುದು ಕಪ್ಪು-ಬಿಳುಪು ಮಾತ್ರ; ಕೆಂಪು ಬೆಳಕಿನಲ್ಲಿ ಅದಕ್ಕೆ ಕುಂಕುಮವೂ ಬಿಳಿ, ಅರಿಷಿಣವೂ ಬಿಳಿ. ಬಡಪಾಯಿ ಕ್ಯಾಮೆರಾ ಏನು ಓದೀತು? ಇಡೀ ಆರ್ಡರಿಗಾಗುವಷ್ಟು ಕವರು ಅಚ್ಚಾಗಿ ಬಂದು ಕೂತಿತ್ತು. ಮೇಲೆ ಕಪ್ಪು ಗೀಟಿನ ಚೀಟಿ ಅಂಟಿಸೋಣ ಎಂದೆ. “ನನ್ನ ಪಾಕೀಟಿನ ಮುಖಕ್ಕ ಮಸಿ ಬಳಿತಿಯೇನು? ಆಗೂದಿಲ್ಲ!” ಎಂದು ಮುಖ ತಿರುಗಿಸಿದರು. ನಾನೂ ಮುಂಗೋಪಿಯೇ. ಲ್ಯಾಪ್‌ಟಾಪು ಮುಚ್ಚಿ ಹೊರಗೆ ಹೋಗಿ ನಿಂತೆ.

ಸಿಟ್ಟು ಇಳಿದ ಮೇಲೆ ತಲೆ ಓಡಿತು. ಕವರು ಬದಲಾಗದಿದ್ದರೆ ದೀಪ ಬದಲಿಸಬಹುದಲ್ಲ! ಹಸಿರು ಬೆಳಕು ಬಿದ್ದರೆ ಕೆಂಪು ಕಪ್ಪಾಗಿ ಕಾಣುತ್ತದೆ, ಹಳದಿ ಹೊಳೆಯುತ್ತಲೇ ಇರುತ್ತದೆ. ಒಳಗೆ ಓಡಿ ಬಂದು ಹೇಳಿದೆ. ಆದರೆ ಹಸಿರು ದೀಪ ಬೆಂಗಳೂರಿನಿಂದ ಬರುವಷ್ಟರಲ್ಲಿ ಸಾಹೇಬರು ಬಂದು ಹೋಗಿರುತ್ತಿದ್ದರು.

ಅಕ್ಕಾರು ಸ್ಟೂಲು ಬಿಟ್ಟು ಎದ್ದರು. ಹಿರೇಹಂದಿಗೋಳದಲ್ಲಿದ್ದ ಸ್ವಂತ ತಮ್ಮನಿಗೆ ಫೋನ್ ಹಚ್ಚಿದರು. “ಲೇ, ಹೊಸಾ ಟ್ರ್ಯಾಕ್ಟರ್ ತಗೊಂಡು ಜಲ್ದಿ ಬಾ. ಆರತಿ ಮಾಡ್ತೀನಿ.”

ಪಾಪ, ಆತ ಮಾಲೆ ಹಾಕಿದ ಟ್ರ್ಯಾಕ್ಟರಿನಲ್ಲಿ ಹಾಡು ಹಚ್ಚಿಕೊಂಡು ಮದುಮಗನ ಠೀವಿಯಲ್ಲಿ ಬಂದ. ಸುತ್ತಲೂ ಹಸಿರು ದೀಪ ಝಗಮಗ. ಅಕ್ಕಾರು ಖರೇನೆ ಆರತಿ ಮಾಡಿದರು, ತಮ್ಮನ ಬಾಯಿಗೆ ಬೆಲ್ಲ ಹಾಕಿದರು. ಆತ ಬೆಲ್ಲ ನುಂಗುವುದರೊಳಗೆ, ಆರತಿ ಮಾಡಿದ ಕೈಯಿಂದಲೇ ದೀಪದ ಪಟ್ಟಿ ಸರ್ರನೆ ಕಿತ್ತು ನನಗೆ ಕೊಟ್ಟರು. ಹೆಣ್ಣುಮಕ್ಕಳೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು.

ಬ್ಯಾಟರಿಯ ಮೇಲೆ ಉರಿಯುವ ದೀಪ, ಮಿಣುಕುವುದಿಲ್ಲ. ಕ್ಯಾಮೆರಾಕ್ಕೂ ಅಂಥದ್ದೇ ಬೇಕು. ಕೆಂಪು ದೀಪ ತೆಗೆದು, ಪಟ್ಟಿಯನ್ನು ಸುತ್ತಲೂ ಅಂಟಿಸಿ ಹಚ್ಚಿದೆ. ಬೆಳಕು ಮಂದವಾದ್ದರಿಂದ ಹಿಡಿಯುವ ಸಮಯ ಹೆಚ್ಚಿಸಿ ಬೆಲ್ಟನ್ನು ತುಸು ನಿಧಾನ ಮಾಡಿದೆ. ಪರದೆಯ ಮೇಲೆ ಗೀಟುಗಳು ಒಂದೊಂದೂ ಕಾಡಿಗೆ ತೀಡಿದಂತೆ ಎದ್ದುಬಂದವು.

“ಓದಿತೇನೋ ತಮ್ಮಾ?”

“ಓದಿತ್ರೀ ಅಕ್ಕಾರ!”

ಶೆಡ್ಡು ಹಾರಿಹೋಗುವಂತೆ ಸಿಳ್ಳೆ ಬಿದ್ದವು. ದೀಪ ಕಳೆದುಕೊಂಡ ತಮ್ಮನದ್ದೇ ಎಲ್ಲಕ್ಕಿಂತ ಜೋರು.

ಮರುದಿನ ಬಂದ ಸಾಹೇಬರು ಚಾಲಾಕಿ. ಗುರೆಳ್ಳಿನ ಸಾಲಿನಲ್ಲಿ ಯಾರಿಗೂ ಕಾಣದಂತೆ ಒಂದು ಶೇಂಗಾ ಪಾಕೀಟು ಸೇರಿಸಿಬಿಟ್ಟರು. ಅದು ಕ್ಯಾಮೆರಾದ ಕೆಳಗೆ ಬಂದದ್ದೇ ತಡ, ತಳ್ಳುವ ಕೈ ರಪ್ಪನೆ ಹೊಡೆಯಿತು. ಪಾಕೀಟು ಹಾರಿ ಸಾಹೇಬರ ಬೂಟಿನ ಮೇಲೇ ಬಿತ್ತು. “ಎತ್ಕೊಳ್ರಿ ಸಾಹೇಬ್ರ, ಯಾರ ಇಟ್ಟಾರಂತ ಅದಕ್ಕ ಗೊತ್ತಾಗೇತಿ,” ಎಂದರು ಅಕ್ಕಾರು. ಆರ್ಡರು ಬಂತು. ಒಬ್ಬ ಹೆಣ್ಣುಮಗಳನ್ನೂ ಮನೆಗೆ ಕಳಿಸಬೇಕಾಗಲಿಲ್ಲ. ಮುಂದೆ ಬೆಂಗಳೂರಿನ ದೀಪ ಬಂದಾಗ ಬಿಚ್ಚಿದ ಪಟ್ಟಿಯ ತುಂಡೊಂದು ನನ್ನ ಪೆಟ್ಟಿಗೆಯಲ್ಲೇ ಉಳಿಯಿತು. ಎಷ್ಟೋ ಕಡೆ ಕ್ಯಾಮೆರಾ ಕೂಡಿಸಿದ್ದೇನೆ, ಅಂಥ ಗೆಲುವು ಮತ್ತೆ ಸಿಗಲಿಲ್ಲ.

ಮೊನ್ನೆ ನಾನು ಹೊರಟಿದ್ದೂ ಅದೇ ಘಟಕಕ್ಕೆ, ಹೊಸ ಕ್ಯಾಮೆರಾ ಕೂಡಿಸಲು. ಈಗ ಅಕ್ಕಾರ ಸೊಸೆ ನಡೆಸುತ್ತಾಳೆ. ಅಕ್ಕಾರು ತೀರಿಕೊಂಡಾಗ ನಾನು ಊರಲ್ಲಿರಲಿಲ್ಲ, ಮುಖ ನೋಡಲೂ ಆಗಲಿಲ್ಲ... ಕವರಿನ ಮೇಲೆ ಇವತ್ತಿಗೂ ಅರಿಷಿಣ-ಕುಂಕುಮ. ಈ ಸಲ ಮೊದಲೇ ಹಸಿರು ದೀಪ ತರಿಸಿದ್ದೆ. ಎಲ್ಲ ಹೊಂದಿಸಿ ಬೆಲ್ಟು ಶುರು ಮಾಡಿದೆ. ಮೊದಲ ಪಾಕೀಟಿಗೇ ಪರದೆಯ ಮೇಲೆ ಸರಿ ಗುರುತು ಬಿತ್ತು.

ಯಾರೂ ಏನೂ ಕೇಳಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಖಾಲಿ ಕವರಿನ ಸುರುಳಿ ಇಟ್ಟಿದ್ದರು. ನಾನು ಅದರ ಕಡೆ ತಿರುಗಿ, ಕೇಳದಿದ್ದರೂ ಹೇಳಿದೆ, “ಓದಿತ್ರೀ ಅಕ್ಕಾರ.”