ಎಡಗೈಯವರ ಊರಿನ ಚಿತ್ರಗಾತಿ

ಶುಕ್ರವಾರ, ಬೆಳಗಿನ ಆರೂವರೆ. ಮಕ್ಕಳ ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಅಂಟಜ್ಜಿ ಮೈದಾ ಅಂಟು ಕಾಯಿಸಿ ಆರಲಿಟ್ಟಿದ್ದಾರೆ. ಜಡೆ ಹಾಕಲು ಮಗುವನ್ನು ಕೂರಿಸಿಕೊಂಡ ಹಾಗೆ ಚಿತ್ರಪುಸ್ತಕವೊಂದನ್ನು ಮಡಿಲಲ್ಲಿ ಕೂರಿಸಿಕೊಂಡು, ಅದರ ಬೆನ್ನಿಗೆ ಒದ್ದೆಬಟ್ಟೆ ಒತ್ತುತ್ತಿದ್ದಾರೆ.

ಮಕ್ಕಳಿಟ್ಟ ಹೆಸರು ಅದು, ಅಂಟಜ್ಜಿ. ಗಂಡ ತೀರಿಕೊಂಡ ವರ್ಷ ಕಂಕುಳಲ್ಲಿ ಕೂಸು ಹೊತ್ತು ಈ ಕೆಲಸಕ್ಕೆ ಬಂದವರು. ಮೂವತ್ತೊಂದು ವರ್ಷದಿಂದ ದಿನಕ್ಕೆ ಎಂಟೊಂಬತ್ತು ಹರಿದ ಪುಸ್ತಕ ಹೊಲಿಯುತ್ತಾರೆ. “ಓದಿದ್ದು ನಾಲ್ಕನೇ ಕ್ಲಾಸು. ಚಿತ್ರ ನೋಡೋಕೆ ಯಾವ ಕ್ಲಾಸು ಬೇಕು?”

ನೋಡಿ ನೋಡಿಯೇ ಗುಟ್ಟು ಹಿಡಿದಿದ್ದಾರೆ! ನೂರು ವರ್ಷ ಹಳೆಯ, ಬರೆದವರ ಹೆಸರಿಲ್ಲದ ಹನ್ನೊಂದು ಪುಸ್ತಕಗಳು ಇಲ್ಲಿವೆ. ಎಲ್ಲದರಲ್ಲೂ ದರ್ಜಿಯ ಕತ್ತರಿ ಎಡಗೈಯಲ್ಲಿ, ಮೇಷ್ಟ್ರ ಬೆತ್ತ ಎಡಗೈಯಲ್ಲಿ, ಕರಡಿಯೂ ಎಡಚ. “ಊರಿಗೆ ಊರೇ ಎಡಚರಾ ಅಂತ ನಗು ಬಂತು. ನಮ್ಮ ಮಾವ ಅಚ್ಚುಕೂಟದಲ್ಲಿದ್ದವ್ರು. ಆಗೆಲ್ಲ ಚಿತ್ರಾನ ಕಲ್ಲಿನ ಮೇಲೆ ಉಲ್ಟಾ ಬರೀಬೇಕು, ಅಚ್ಚಲ್ಲಿ ನೆಟ್ಟಗಾಗುತ್ತೆ ಅಂತಿದ್ರು. ಈ ಪುಣ್ಯಾತ್ಗಿತ್ತಿ ನೆಟ್ಟಗೇ ಬರೆದ್ಬಿಟ್ಟಿದಾಳೆ, ಹನ್ನೊಂದ್ರಲ್ಲೂ! ಎಲ್ಲಾ ಒಬ್ಬಳದೇ ಕೈ.”

“ಹೆಂಗಸು ಅಂತ ಹೇಗೆ ಗೊತ್ತು?” ಪಕ್ಕದಲ್ಲಿ ಕೂತ ನಾನು ಕೇಳುತ್ತೇನೆ.

“ಜಡೆ ಬರೆದಿರೋದು ನೋಡು. ಹೆಣೆದು ಗೊತ್ತಿರೋ ಕೈ ಅದು.”

ಹೆಸರಿಲ್ಲದ ಹಳೆಯ ಪುಸ್ತಕಗಳೆಲ್ಲ ನಾಳೆ ರದ್ದಿಗೆ ಹೋಗಬೇಕು. “ಎಡಗೈ ತೋರಿಸಿದ್ರೆ ಆಗಲ್ಲ ಅಜ್ಜಿ, ಹೆಸರು ತನ್ನಿ,” ಎಂದಿದ್ದಾರೆ ಗ್ರಂಥಪಾಲಕಿ. ಹಿಂದಿನವರು ಪುಸ್ತಕದ ಬೆನ್ನಿನೊಳಗೆ ಅಚ್ಚುಕೂಟದವರು ತಿದ್ದಿ ಬಿಸಾಡಿದ ಹಾಳೆ ಅಂಟಿಸುತ್ತಿದ್ದರು. ಅದರಲ್ಲಾದರೂ ಹೆಸರು ಉಳಿದಿರಬಹುದೆಂದು ಅಜ್ಜಿ ಒಂದೊಂದೇ ಬೆನ್ನು ಬಿಡಿಸುತ್ತಿದ್ದಾರೆ. ಒಂಬತ್ತರಲ್ಲಿ ಏನೂ ಸಿಕ್ಕಿಲ್ಲ. ಇದು ಹತ್ತನೆಯದು.

ಕಾಗದ ಸಡಿಲವಾಗುತ್ತದೆ. ಬೆರಳಗಲದ ಪಟ್ಟಿ. ಅದರಲ್ಲೊಂದು ಸಾಲು, ಸಾಲಿನ ಮೇಲೆ ಯಾರೋ ಎಳೆದ ಶಾಯಿಯ ಅಡ್ಡಗೀಟು. ಗೀಟಿನಡಿ ಅಕ್ಷರಗಳು ಸ್ಪಷ್ಟವಾಗಿವೆ: ‘ಕಥೆ, ಚಿತ್ರ: ಕಲ್ಲಚ್ಚಿನವರ ಹಿರಿಮಗಳು’.

ಅಜ್ಜಿ ಪಟ್ಟಿಯನ್ನು ಒಣಬಟ್ಟೆಯ ಮೇಲೆ ಹರಡಿ ಒತ್ತುತ್ತಾರೆ.

ಒಂಬತ್ತು ಗಂಟೆಗೆ ಬಂದ ಗ್ರಂಥಪಾಲಕಿ ಕನ್ನಡಕ ಏರಿಸಿ ಓದುತ್ತಾರೆ. “ಇದೂ ಒಂದು ಹೆಸರಾ?”

“ಮತ್ತಿನ್ನೇನು? ಗೀಟು ಹೊಡೆಯೋವಷ್ಟು ಇದ್ದ ಮೇಲೆ ಹೆಸರೇ ಅಲ್ವಾ?”

ಗ್ರಂಥಪಾಲಕಿ ಪಟ್ಟಿಯನ್ನು ಇನ್ನೊಮ್ಮೆ ಓದಿ, ಹನ್ನೊಂದು ಹೊಸ ಕಾರ್ಡು ತೆಗೆಯುತ್ತಾರೆ. ಹನ್ನೊಂದರ ಮೇಲೂ ದುಂಡಗೆ ಅದೇ ಹೆಸರು ಬರೆಯುತ್ತಾರೆ. “ಹುಡುಕಿದವರು ಅಂತ ನಿಮ್ಮ ಹೆಸರೂ ಹಾಕ್ಲಾ ಅಜ್ಜಿ?”

ಅಜ್ಜಿ ಸೂಜಿಗೆ ದಾರ ಪೋಣಿಸುತ್ತಾ ನಗುತ್ತಾರೆ.

“ಬೇಡಮ್ಮ. ಪುಸ್ತಕ ಬಿಚ್ಚಿಕೋಬಾರ್ದು, ಹೊಲಿಗೆ ಕಾಣಬಾರ್ದು. ನನ್ನ ಕಸುಬು ಅಷ್ಟೇ.”