ಬಾನೆಟ್ಟಿನ ಮೇಲಿನ ಜಾಗ

ನೈರೋಬಿಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ, ನಾವು ಊರು ಬಿಡುತ್ತಿದ್ದೇವೆ ಎಂದು ಬರೆದು ಕಾಯುತ್ತಾ ಕೂತೆ. ಗಂಡನ ಕೆಲಸದ ಕರಾರು ಮುಗಿದಿತ್ತು, ಮೈಸೂರಿಗೆ ವಾಪಸ್ ಹೋಗುವ ಟಿಕೆಟ್ ಆಗಿತ್ತು. ಕೈ ಮುಗಿದ ಚಿತ್ರಗಳು ಒಂದರ ಹಿಂದೊಂದು ಬಂದವು. ಆಮೇಲೆ, ಹೊಸದಾಗಿ ಬಂದಿರುವ ಹುಡುಗಿಯೊಬ್ಬಳು ಕೇಳಿದಳು: "ಆಂಟಿ, ನಿಮ್ಮ ವೆಟ್ ಗ್ರೈಂಡರ್ ಕೊಟ್ಟು ಹೋಗ್ತೀರಾ?"

ಅಲ್ಲ, ಇಪ್ಪತ್ತು ವರ್ಷ ಇಲ್ಲೇ ಬೇರುಬಿಟ್ಟಿದ್ದ ಹೆಂಗಸು ಹೊರಟಿದ್ದಾಳೆ ಅಂದರೆ ಮೊದಲು ಕೇಳುವುದು ಗ್ರೈಂಡರನ್ನಾ? ಮೈಯೆಲ್ಲ ಉರಿದುಹೋಯಿತು. ಗ್ರೈಂಡರ್ ತಗೊಂಡು ಹೋಗಲಿ, ಬೇಡ ಅಂದವರು ಯಾರು! ನನಗೆ ಬೇಕಾಗಿದ್ದೇ ಬೇರೆ, ಅದನ್ನು ಬಾಯಿಬಿಟ್ಟು ಕೇಳುವ ಹಾಗಿರಲಿಲ್ಲ. ಒಂದು ಸಲ, ಒಂದೇ ಒಂದು ಸಲ, ನಾನು ಕಾರಿನ ಬಾನೆಟ್ಟಿನ ಮೇಲೆ ಕೂರಬೇಕಿತ್ತು.

ನಾವು ಬಂದ ಹೊಸದರಲ್ಲಿ ಕಸರಾನಿ ಕಡೆಗೆ ಹೋಗುವ ರಸ್ತೆಯಲ್ಲಿ, ಕಾರಿನಲ್ಲೇ ಕೂತು ಸಿನಿಮಾ ನೋಡುವ ಡ್ರೈವ್-ಇನ್ ಒಂದಿತ್ತು. ಭಾನುವಾರ ಹಿಂದಿ ಚಿತ್ರ. ಕಂಬದಿಂದ ಸ್ಪೀಕರ್ ಎಳೆದು ಕಿಟಕಿಯ ಗಾಜಿಗೆ ನೇತುಹಾಕಬೇಕು. ಅರ್ಧ ಮಾತು ಕೇಳಿಸುತ್ತಿತ್ತು, ಅರ್ಧ ಗೊರಗೊರ. ಯಾರಿಗೆ ಬೇಕಿತ್ತು ಸಿನಿಮಾ! ಬೆಳಕಿರುವಾಗಲೇ ಹೋಗಿ ಕಾರುಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಡಿಕ್ಕಿ ತೆಗೆದು ಡಬ್ಬಿ ಬಿಚ್ಚುತ್ತಿದ್ದೆವು. ಪಕ್ಕದ ಗುಜರಾತಿಗಳು ತೇಪ್ಲಾ ಕೊಟ್ಟರೆ ನಾವು ಪುಳಿಯೋಗರೆ ಕೊಡುತ್ತಿದ್ದೆವು. ಮಂಗಳೂರಿನ ಕುಟುಂಬವೊಂದು ಕೊಂಕಣಿಯಲ್ಲಿ ಜಗಳವಾಡುತ್ತಲೇ ನೀರುದೋಸೆ ಹಂಚುತ್ತಿತ್ತು. ಎಲ್ಲಕ್ಕಿಂತ ಮೇಲೆ ಮೊಗೊ. ಮರಗೆಣಸನ್ನು ಗರಿಗರಿಯಾಗಿ ಕರಿದು, ನಡುವೆ ಸೀಳಿ, ಖಾರದಪುಡಿ ಸುರಿದು ನಿಂಬೆಹಣ್ಣು ಹಿಂಡಿ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ನೈರೋಬಿಯ ಜುಲೈ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ಹಾ ಹೂ ಎನ್ನುತ್ತಾ ತಿನ್ನಬೇಕು. ಡಿಕ್ಕಿಯಲ್ಲಿ ಹಾಸಿದ ರಜಾಯಿಯ ಮೇಲೆ ನನ್ನ ಮಗಳು, ಹಾಡು ಶುರುವಾಗುವ ಮೊದಲೇ, ನಿಂಬೆಹುಳಿ ಮೆತ್ತಿದ ಕೈಯಲ್ಲೇ ನಿದ್ದೆಹೋಗುತ್ತಿದ್ದಳು.

ಬೆಂಗಳೂರಿನಿಂದ ಬಂದವರೆಲ್ಲ ಕಂಪನಿಯ ಪೋಸ್ಟಿಂಗ್ ಮೇಲೆ ಬಂದವರು. ಗುರುತಾಗಿ, ಸಲಿಗೆ ಬೆಳೆದು, ಮನೆಯವರಂತೆ ಆಗುವಷ್ಟರಲ್ಲಿ ಹೊರಟುಬಿಡುತ್ತಿದ್ದರು. ಪಾರ್ಕ್‌ಲ್ಯಾಂಡ್ಸಿನ ನಮ್ಮ ಫ್ಲ್ಯಾಟಿನ ಕೆಳಗಡೆ ಇದ್ದಾಕೆ ಮೊದಲು ಹೊರಟವಳು. ಆ ಭಾನುವಾರ ಅಳುಮುಖ ಮಾಡಿಕೊಂಡು ಎಲ್ಲರಿಗೂ ಬಡಿಸಲು ನಿಂತಳು. ನಾನು ಸೌಟು ಕಿತ್ತುಕೊಂಡು, ಅವಳನ್ನು ಬಾನೆಟ್ಟಿನ ಮೇಲೆ ಕೂರಿಸಿ, ಕೈಗೆ ಮೊಸರನ್ನದ ತಟ್ಟೆ ಕೊಟ್ಟೆ. "ಸುಮ್ನೆ ಕೂತ್ಕೊಳ್ರೀ. ಹೋಗೋರು ಏನೂ ತರಬಾರ್ದು, ಏಳಲೂಬಾರ್ದು" ಅಂದೆ. ಬಾಯಿಗೆ ಬಂದಿದ್ದನ್ನು ಅಂದಿದ್ದು, ಅದೇ ಪದ್ಧತಿಯಾಗಿ ನಿಂತುಬಿಟ್ಟಿತು. ಅಲ್ಲಿಂದ ಯಾರು ಊರು ಬಿಟ್ಟರೂ ಕೊನೆಯ ಭಾನುವಾರ ಬಾನೆಟ್ಟಿನ ಮೇಲೆ ಅವರು, ಶುಂಠಿ, ದಾಳಿಂಬೆ ಹಾಕಿದ ಮೊಸರನ್ನದ ಡಬ್ಬಿ ಹಿಡಿದು ಕೆಳಗೆ ನಾನು. ನನ್ನ ಗಂಡ ಇಲ್ಲೇ ಕೆಲಸ ಬದಲಿಸಿ ಉಳಿದುಕೊಂಡಿದ್ದರಿಂದ ಕಳಿಸಿಕೊಡುವ ಕೆಲಸ ನನಗೇ ಗಂಟುಬಿತ್ತು.

"ಅಕ್ಕಾ, ನಿಮ್ಮನ್ನ ಮರೆಯೋಕಾಗತ್ತಾ?" ಎನ್ನುತ್ತಿದ್ದರು ಎಲ್ಲರೂ. ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ನಾನು ರಜೆಗೆ ಬೆಂಗಳೂರಿಗೆ ಹೋದಾಗ ಫೋನ್ ಮಾಡಿದರೆ, "ಅಯ್ಯೋ ಅಕ್ಕಾ, ಟ್ರಾಫಿಕ್ ಗೊತ್ತಲ್ಲಾ, ಮುಂದಿನ ಸಲ ಖಂಡಿತಾ" ಎಂದು ರಾಗ ಎಳೆದರು. ನನ್ನ ಕೈಯ ಅನ್ನ ತಿನ್ನುವಾಗ ಯಾರಿಗೂ ಟ್ರಾಫಿಕ್ ಅಡ್ಡ ಬಂದಿರಲಿಲ್ಲ.

ಆಮೇಲೆ ಡ್ರೈವ್-ಇನ್ ಮುಚ್ಚಿತು. ಬೀಳ್ಕೊಡುಗೆಗಳು ವೆಸ್ಟ್‌ಲ್ಯಾಂಡ್ಸಿನ ಮಾಲುಗಳ ಹೋಟೆಲ್ಲಿಗೆ ಹೋದವು. ಕೇಕು ಬಂತು, ಸೆಲ್ಫಿ ಬಂತು. ಹೊರಗಿನ ತಿಂಡಿ ತರಬಾರದು ಎಂಬ ಬೋರ್ಡು ಬಂದರೂ ನಾನು ಬಿಡಲಿಲ್ಲ. ಬಾಗಿಲಲ್ಲಿ ಕಾವಲಿನವನು ಚೀಲ ತಪಾಸಣೆ ಮಾಡುವಾಗ ಡಬ್ಬಿಯ ಮೇಲೆ ಶಾಲು ಮುಚ್ಚಿ, ಕಳ್ಳಿಯ ಹಾಗೆ ಮೊಸರನ್ನ ಸಾಗಿಸಿ, ಟೇಬಲ್ಲಿನ ಕೆಳಗಿಂದ ಹಂಚಿದ್ದೇನೆ.

ಗ್ರೈಂಡರ್ ಕೇಳಿದ ಹುಡುಗಿಯೇ ಎರಡು ದಿನ ಬಿಟ್ಟು ಫೋನ್ ಮಾಡಿದಳು. "ಆಂಟಿ, ಭಾನುವಾರ ನಿಮಗೆ ಸೆಂಡ್-ಆಫ್ ಇಟ್ಕೊಂಡಿದೀವಿ!" ಅಂದಳು. ನನ್ನ ಜೀವ ಎಷ್ಟು ಹಗುರಾಯಿತೆಂದರೆ, ಅವಳ ಮೇಲಿನ ಸಿಟ್ಟೆಲ್ಲ ಅಲ್ಲೇ ಇಳಿಯಿತು. ಅಷ್ಟರಲ್ಲಿ ಅವಳು, "ಮೊಸರನ್ನ ಮಾತ್ರ ನೀವೇ ಮಾಡ್ಕೊಂಡ್ ಬನ್ನಿ ಆಂಟಿ. ನಿಮ್ಮ ಕೈ ರುಚಿ ಯಾರಿಗೂ ಬರಲ್ಲ. ಸ್ವಲ್ಪ ಜಾಸ್ತೀನೇ ಇರ್ಲಿ" ಅಂದಳು.

ನಾನು ಫೋನ್ ಇಟ್ಟು ಅಡುಗೆಮನೆಯಲ್ಲಿ ನಿಂತೇ ಇದ್ದೆ. ಇಲ್ಲೇ ಕೆಲಸಕ್ಕೆ ಸೇರಿರುವ, ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗಳು ಎಲ್ಲ ಕೇಳಿ, "ಅಮ್ಮಾ, ಇಟ್ಸ್ ಜಸ್ಟ್ ಕರ್ಡ್ ರೈಸ್" ಅಂದಳು. ಹೌದು ತಾಯಿ, ಬರೀ ಮೊಸರನ್ನ. ಮಾಡಲಿಲ್ಲ.

ಭಾನುವಾರ ಮಾಲಿನ ಹೋಟೆಲ್ಲಿಗೆ ಬರಿಗೈಯಲ್ಲಿ ಹೋದೆ. ಕೂರುವ ಮೊದಲೇ ಹುಡುಗಿ ನನ್ನ ಪರ್ಸಿನ ಕಡೆ ನೋಡಿ ಕೇಳಿದಳು, "ಆಂಟಿ, ಮೊಸರನ್ನ?"

"ತಂದಿಲ್ಲ. ಹೋಗೋರು ಏನೂ ತರಬಾರ್ದು, ಅದು ನಮ್ಮಲ್ಲಿ ಪದ್ಧತಿ."

"ಓ, ಹೌದಾ? ಯಾರು ಮಾಡಿದ್ದು ಆಂಟಿ ಅದನ್ನ?"

"ನಾನೇ."

ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ಎಲ್ಲರೂ ನಕ್ಕರು. ಪಿಜ್ಜಾ ಬಂತು, ಅವರವರು ಅವರವರ ತುಂಡು ಎತ್ತಿಕೊಂಡರು. ನನ್ನ ತಟ್ಟೆಗೆ ಯಾರಾದರೂ ಒಂದು ಹಾಕಬಹುದು ಎಂದು ನಾಚಿಕೆಯಿಲ್ಲದೆ ಕಾದೆ. ಕೊನೆಗೆ ನಾನೇ ಹಾಕಿಕೊಂಡೆ. ಒಳ್ಳೆಯ ಮಕ್ಕಳೇ ಅವರು, ನಿಜ. ಆದರೆ ಆ ಗಳಿಗೆಯಲ್ಲಿ ಒಬ್ಬರ ಮುಖ ನೋಡಲೂ ನನಗೆ ಮನಸ್ಸಾಗಲಿಲ್ಲ.

ವಾಪಸ್ ಬರುವಾಗ ಪಾರ್ಕ್‌ಲ್ಯಾಂಡ್ಸಿನ ಮೊಗೊ ಅಂಗಡಿಯ ಮುಂದೆ, "ನಿಲ್ಲಿಸ್ರೀ" ಅಂದೆ. ಗಂಡ ರಸ್ತೆ ಬದಿಗೆ ಅರೆಬರೆ ನಿಲ್ಲಿಸಿ ತರಲು ಹೋದರು. ನಾನು ಇಳಿದು, ಸೀರೆ ಎತ್ತಿಕಟ್ಟಿ, ಈ ವಯಸ್ಸಿನಲ್ಲಿ, ಹಾಡಹಗಲಲ್ಲಿ, ಬಿಸಿ ಬಾನೆಟ್ಟಿನ ಮೇಲೆ ಹತ್ತಿ ಕೂತೆ. ಪೊಟ್ಟಣ ಹಿಡಿದು ಬಂದ ಗಂಡ ನನ್ನನ್ನು ನೋಡಿ ಒಂದು ಕ್ಷಣ ನಿಂತರು. ಆಮೇಲೆ ಪೊಟ್ಟಣ ಬಿಚ್ಚಿ ನನ್ನ ಕೈಗಿಟ್ಟರು.

ಎರಡು ತುಂಡು ತಿಂದಿರಲಿಲ್ಲ, ಹಿಂದೆ ಜನ ತುಂಬಿಕೊಂಡ ಮಟಾಟು ವ್ಯಾನೊಂದು ಬಂದು ನಿಂತು ಹಾರ್ನ್ ಹೊಡೆಯಿತು. ಅದರ ಹಿಂದೆ ಇನ್ನೊಂದು. ಅಂಗಡಿಯ ಕಾವಲಿನವನು ಸೀಟಿ ಊದಿ, ಇಲ್ಲಿನವರು ಹೆಂಗಸರನ್ನು ಕರೆಯುವ ಹಾಗೆ, "ಮಾಮಾ, ಗಾಡಿ ಗಾಡಿ!" ಎಂದು ಕೈಬೀಸಿದ.

"ಏಳೇ, ತೆಗೀಬೇಕಂತೆ" ಅಂದರು ಗಂಡ.

"ಏಳಲ್ಲ. ಹೋಗೋರು ಏಳಬಾರ್ದು."

ನಾನು ಇನ್ನೊಂದು ತುಂಡಿಗೆ ನಿಂಬೆಹಣ್ಣು ಹಿಂಡಿಕೊಂಡೆ. ಇಷ್ಟು ವರ್ಷ ಎಲ್ಲರಿಗೂ ನಿಂತು ಬಡಿಸಿದ್ದೇನೆ. ಒಂದು ಪೊಟ್ಟಣ ಮೊಗೊ ಮುಗಿಯುವವರೆಗೆ ಈ ಊರು ನನಗಾಗಿ ಕಾಯಲಿ.