ಬಾಗಿದ ಮೇಲೆ ಏನಕ್ಕಾ?

ಕರಾಟೆ ತರಗತಿಯ ಮೆಟ್ಟಿಲ ಬುಡದಲ್ಲೇ ಹುಲಿಯಕ್ಕನ ಫ್ಲೆಕ್ಸ್ ನಿಂತಿತ್ತು. ಒಂದು ಕಾಲು ನೆಲದ ಮೇಲೆ, ಇನ್ನೊಂದು ಆಕಾಶಕ್ಕೆ, ಬಾಯಿ ಬಾವಿಯಷ್ಟು ಅಗಲ. ಕೆಳಗೆ ದಪ್ಪ ಅಕ್ಷರದಲ್ಲಿ, 'ಹೆಣ್ಣಿನ ಮೊದಲ ಆಯುಧ ಗಂಟಲು'. ಮಾತು ಅವಳದೇ. ಫೋಟೋ ಆರಿಸಿದವಳೂ ಅವಳೇ. ಅವಳ ತಮ್ಮ ತೆಗೆದ ಫೋಟೋಗಳ ರಾಶಿಯಲ್ಲಿ ಗಲ್ಲದ ಕೆಳಗೆ ಇನ್ನೊಂದು ಗಲ್ಲ ಕಾಣದಿದ್ದುದು ಅದೊಂದೇ.

ಹಗಲೆಲ್ಲ ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದಳು. ಸಂಜೆಯಾದರೆ ಬಿಳಿ ಅಂಗಿ, ಕಪ್ಪು ಬೆಲ್ಟು ತೊಟ್ಟು ಹೊಸಬರಿಗೆ ಕರಾಟೆ ಕಲಿಸುತ್ತಿದ್ದಳು. ಮೊದಲು ಹೆಂಗಸರು ಸುಳಿಯದಿದ್ದ ಆ ಮಹಡಿಯ ಕೋಣೆಗೆ ಈಗ ನರ್ಸು, ಗೃಹಿಣಿ, ಕಾಲೇಜು ಹುಡುಗಿಯರೆಲ್ಲ ಬರುತ್ತಿದ್ದರು. ಕೇಳಿದರೆ, "ಅಕ್ಕನ್ನ ನೋಡಿ ಬಂದ್ವಿ" ಎನ್ನುತ್ತಿದ್ದರು. "ಅಯ್ಯೋ, ನಾನೇನು ಮಹಾ" ಎಂದು ಅವಳು ಹೇಳುವಳು, ಮತ್ತು ಯಾರಾದರೂ ಅದನ್ನು ಅಲ್ಲಗಳೆಯಲೆಂದು ಚೂರು ಹೊತ್ತು ಕಾಯುವಳು. ಗಂಡನಿಗೂ ಇದೊಂದು ಜಂಬವೇ. "ಸಾರಿಗೆ ಉಪ್ಪು ಕಮ್ಮಿ ಆದ್ರೂ ನಾನು ತುಟಿ ಬಿಚ್ಚಲ್ಲಪ್ಪ" ಎಂದು ಪಕ್ಕದ ಮನೆಯವರ ಮುಂದೆ ನಗುತ್ತಿದ್ದ.

ತರಗತಿಯಲ್ಲೊಂದು ಪದ್ಧತಿಯಿತ್ತು. ಗುರು ಹೆಗಲು ಮುಟ್ಟಿ ನಿಲುವು ತಿದ್ದಿದರೆ, ಕಲಿಯುವವರು ಸೊಂಟದಿಂದ ಬಾಗಿ "ಊಸ್" ಅನ್ನಬೇಕು. ತಿದ್ದಿದ್ದಕ್ಕೆ ವಂದನೆ. ವರ್ಷಗಟ್ಟಲೆ ಹೀಗೆ ಬಾಗಿ ಬಾಗಿ ಅದು ಅವಳ ಮೈಗೇ ಹತ್ತಿಬಿಟ್ಟಿತ್ತು.

ಅಂಗಡಿಯ ಯಜಮಾನರ ಕೈಗೂ ಒಂದು ಅಭ್ಯಾಸವಿತ್ತು. "ಕೆಲ್ಸ ಹೇಗೆ ನಡೀತಿದೆಯಮ್ಮ?" ಎಂದು ಹೆಗಲ ಮೇಲೆ ಬಂದು ಕೂತದ್ದು ಏಳುವುದನ್ನೇ ಮರೆಯುತ್ತಿತ್ತು. ಹುಲಿಯಕ್ಕ ಬೇಕೆಂದೇ ಸ್ಕ್ರೂ ಬೀಳಿಸಿ, ಹುಡುಕುವ ನೆವದಲ್ಲಿ ತಪ್ಪಿಸಿಕೊಳ್ಳುತ್ತಿದ್ದಳು. ಯಜಮಾನರು ಮುನಿದರೆ ಈ ವಯಸ್ಸಿನಲ್ಲಿ ಇನ್ನೊಂದು ಕೆಲಸ ಎಲ್ಲಿ?

ಆ ದಿನ ಅವಳ ಶಿಷ್ಯೆ ಗುಬ್ಬಚ್ಚಿ ಅಜ್ಜಿಯ ಕನ್ನಡಕ ಒಯ್ಯಲು ಬಂದಿದ್ದಳು. ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ತೂಗುವ ಹುಡುಗಿ. ಆಳು ಸಣ್ಣ, ಮಾತು ಜಾಸ್ತಿ. ಅದೇ ಹೊತ್ತಿಗೆ ಯಜಮಾನರ ಕೈ ಹುಲಿಯಕ್ಕನ ಹೆಗಲಿಗೆ ಬಂತು, ಅಲ್ಲಿಂದ ಕತ್ತಿನ ಕಡೆಗೆ ಸರಿಯಿತು. ಶಿಷ್ಯೆ ನೋಡುತ್ತಿದ್ದಾಳೆ, ಏನಾದರೂ ಮಾಡಲೇಬೇಕು ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ ಮೈ ತನಗೆ ಗೊತ್ತಿದ್ದುದನ್ನು ಮಾಡಿತು. ಹಿಮ್ಮಡಿ ಕೂಡಿದವು, ಸೊಂಟ ಬಾಗಿತು, "ಊಸ್" ಅಂದಿತು ಬಾಯಿ. ಗೋಡೆ ತುಂಬ ಇದ್ದ ಕನ್ನಡಿಗಳಲ್ಲೆಲ್ಲ ಹುಲಿಯಕ್ಕಂದಿರು ಒಟ್ಟಿಗೇ ಬಾಗಿದರು.

"ನೋಡಿ ಎಂಥಾ ವಿನಯ!" ಎಂದು ಯಜಮಾನರು ಗಿರಾಕಿಗಳ ಕಡೆ ತಿರುಗಿ ಬೀಗಿದರು.

ಸಂಜೆ ಗಂಡ, "ಏನು ಹುಲಿ, ಘರ್ಜನೆನೇ ಇಲ್ಲ?" ಎಂದ. ಗಂಟಲು ಕೆಟ್ಟಿದೆ ಎಂದಳು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ತರಗತಿಗೂ ಅದೇ ನೆಪ ಹೇಳಿ ತಪ್ಪಿಸಿದಳು. ಎಷ್ಟು ದಿನ ತಪ್ಪಿಸಲಾದೀತು? ಕೊನೆಗೆ ಹೋದಾಗ ಗುಬ್ಬಚ್ಚಿ ಓಡಿಬಂದು ಮೂಲೆಗೆ ಎಳೆದಳು.

"ಅಕ್ಕಾ, ನೀವು ಅಂಗ್ಡೀಲಿ ಮಾಡಿದ್ರಲ್ಲ, ಬಾಗೋದು, ನಾನೂ ಮಾಡ್ದೆ."

"ಎಲ್ಲೇ?"

"ಆಫೀಸಲ್ಲಿ. ಸೂಪರ್‌ವೈಸರ್ ಹೆಗಲ ಮೇಲೆ ಕೈ ಹಾಕಿದ್ರು. ಥೇಟ್ ನಿಮ್ಮ ಥರಾನೇ ಬಾಗ್ದೆ. ಅವ್ರು ಕೈ ತೆಗೀಲೇ ಇಲ್ಲ, ನಕ್ಕರು. ಮುಂದಿನ ಪಟ್ಟು ನಂಗೆ ಗೊತ್ತಿಲ್ವಲ್ಲ! ನೀವು ಗಿರಾಕಿಗಳಿದಾರೆ ಅಂತ ಅರ್ಧಕ್ಕೇ ನಿಲ್ಲಿಸಿದ್ರಿ ಅಲ್ವಾ? ಬಾಗಿದ ಮೇಲೆ ಏನಕ್ಕಾ?"

ಹುಲಿಯಕ್ಕನ ಕಿವಿ ಸುಟ್ಟಂತಾಯಿತು. ಮೊಣಕೈ ಹೊಡೆತವೊಂದು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಮರ್ಯಾದೆ ಉಳಿಯುತ್ತಿತ್ತು. "ಮೊಣಕೈನ..." ಎಂದು ಶುರುವನ್ನೂ ಮಾಡಿದಳು. ಹುಡುಗಿ ಆಗಲೇ ಮೊಣಕೈ ಎತ್ತಿ ತಯಾರಾಗಿ ನಿಂತಿದ್ದಳು.

"ಮುಂದೆ ಏನೂ ಇಲ್ಲ ಕಣೇ. ಅದು ಪಟ್ಟೇ ಅಲ್ಲ. ನಂಗೆ ಹೆದ್ರಿಕೆ ಆಗಿತ್ತು."

ಗುಬ್ಬಚ್ಚಿ ತಮಾಷೆಯೆಂದು ನಕ್ಕಳು. ಆಮೇಲೆ ಅಕ್ಕನ ಮುಖ ನೋಡಿದಳು. ಆ ನಗು ನಿಂತದ್ದನ್ನು ಹುಲಿಯಕ್ಕನಿಗೆ ನೋಡಲಾಗಲಿಲ್ಲ.

ಮಾರನೇ ಬೆಳಿಗ್ಗೆ ಯಜಮಾನರ ಕೈ ಎಂದಿನಂತೆ ಬಂತು. ಫ್ಲೆಕ್ಸಿನ ಕೂಗು ಬರಲಿಲ್ಲ. ಗಾಜು ಉಜ್ಜುವ ಯಂತ್ರದಂಥ ಕೀರಲು ದನಿಯೊಂದು ಹೊರಟಿತು. "ಕೈ ತೆಗೀರಿ."

"ಏನಮ್ಮಾ?" ಯಜಮಾನರಿಗೆ ನಿಜವಾಗಿಯೂ ಕೇಳಿಸಿರಲಿಲ್ಲ.

ಇನ್ನೊಮ್ಮೆ ಹೇಳಬೇಕಾಯಿತು. ಈ ಸಲ ತುಸು ಜೋರಾಗಿಯೇ ಬಂತು. ಕಣ್ಣು ಸರಿಯಾಗಿ ಕಾಣದೆ ಬಂದಿದ್ದವರೂ ತಿರುಗಿ ನೋಡಿದರು. ಕೈ ಸರಿಯಿತು. "ನಾನೇನೋ ಮಗಳ ಥರ ಅಂತ..." ಎಂದು ಗೊಣಗುತ್ತಾ ಯಜಮಾನರು ಒಳಗೆ ಹೋದರು. ಸಂಜೆಯವರೆಗೂ ನಾಳೆ ಬಾ ಎಂದೂ ಇಲ್ಲ, ಬೇಡ ಎಂದೂ ಇಲ್ಲ. ಅವಳ ಕೈಯಿಂದ ಸ್ಕ್ರೂಗಳು ಉದುರುತ್ತಲೇ ಇದ್ದವು. ಈ ಸಲ ಬೇಕೆಂದು ಬೀಳಿಸಿದ್ದಲ್ಲ.

ಸಂಜೆ ತರಗತಿಯಲ್ಲಿ ಎಲ್ಲರನ್ನೂ ಕೂರಿಸಿ ಬಾಗಿದ್ದನ್ನೂ ಹೇಳಿದಳು, ಇದನ್ನೂ ಹೇಳಿದಳು.

"ಕೂಗಿದ್ರಾ?" ಗುಬ್ಬಚ್ಚಿ ಕೇಳಿದಳು.

"ಎಲ್ಲಿಯ ಕೂಗು. ಎರಡು ಸಲ ಹೇಳಬೇಕಾಯ್ತು."

ಗುಬ್ಬಚ್ಚಿ ಬೆಲ್ಟಿನ ತುದಿ ಸುರುಳಿ ಸುತ್ತಿದಳು, ಬಿಚ್ಚಿದಳು. "ನಾಳೆ ನಮ್ಮ ಆಫೀಸಿಗೆ ಬರ್ತೀರಾ? ಹೇಳೋದು ನಾನೇ. ನೀವು ಬಾಗಿಲಲ್ಲಿ ನಿಂತಿರಿ, ಸಾಕು."

"ಬರ್ತೀನಿ. ಬಾಗಲ್ಲ."

ಇಬ್ಬರೂ ಮೆಟ್ಟಿಲಿಳಿದರು. ಕೆಳಗೆ ಫ್ಲೆಕ್ಸಿನವಳು ಇನ್ನೂ ಬಾಯಿ ತೆರೆದುಕೊಂಡೇ ಇದ್ದಳು. ಹುಲಿಯಕ್ಕ ಚಪ್ಪಲಿ ಹುಡುಕುವವಳಂತೆ ತಲೆ ತಗ್ಗಿಸಿ ಅವಳನ್ನು ದಾಟಿಹೋದಳು.